ಅಪ್ಪಾ, ಅರ್ಮಿಂದು ಗೆದ್ದ

ಅಪ್ಪಾ,

ನೀನು ತೀರಿಕೊಂಡು ಒಂಬತ್ತು ವರ್ಷವಾಯಿತು. ಬೇರೆ ಯಾರಿಗೂ ಹೇಳಲಾಗದೆ ನಿನಗೇ ಬರೆಯುತ್ತಿದ್ದೇನೆ. ಇವತ್ತು ನಿನ್ನ ಮಗ ಸಂಸತ್ ಚುನಾವಣೆ ಗೆದ್ದ. ವಲಸೆ ಬಂದವರನ್ನೆಲ್ಲ ಫ್ರಾನ್ಸಿನಿಂದ ಆಚೆ ಹಾಕುತ್ತೇವೆ ಎನ್ನುತ್ತದಲ್ಲ, ಆ ಪಕ್ಷದಿಂದ!

ನಾನು ಊರಿನ ಶಾಲೆಯಲ್ಲಿ ಮತ ಎಣಿಸಲು ಕೂತಿದ್ದೆ. ಒಂದೊಂದೇ ಚೀಟಿ ಬಿಡಿಸಿ ಹೆಸರನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದು. ನೀನಿಟ್ಟ ಅರ್ಮಿಂದು ಎಂಬ ಹೆಸರನ್ನು ಅವನು ತನ್ನ ಮತಚೀಟಿಯ ಮೇಲೆ ಫ್ರೆಂಚರ ಹಾಗೆ ಅರ್ಮಾಂ ಎಂದು ಅಚ್ಚು ಹಾಕಿಸಿದ್ದ. ನಾನು ಮಾತ್ರ ಪ್ರತಿ ಸಲವೂ "ಅರ್ಮಿಂದು ತೈಶೇರ" ಎಂದೇ ಓದಿದೆ.

ಪಕ್ಕದಲ್ಲಿ ಓಟಿಗೊಂದು ಗೀಟು ಹಾಕುತ್ತಿದ್ದ ಮುದುಕಿ ಒದೀಲ್ ಪಿಸುಗುಟ್ಟಿದರು. "ಅಚ್ಚಾಗಿರೋ ಹಾಗೇ ಓದಮ್ಮ, ಜಗಳ ಆಗುತ್ತೆ."

"ಆಗ್ಲಿ ಬಿಡಿ. ನಮ್ಮಪ್ಪ ಇಟ್ಟ ಹೆಸರು ಇದೇ."

ಎಣಿಕೆ ಮುಗಿಯುವಾಗ ಅವನೇ ಬಂದ. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೇಳಿದೆ: "ಅಪ್ಪ ಪೋರ್ಚುಗಲ್‌ನಿಂದ ಯಾವ ಕಾಗದ ಹಿಡ್ಕೊಂಡು ಬೆಟ್ಟ ದಾಟಿ ಬಂದ? ಇವರಿಗೆಲ್ಲ ಹೇಳೋ!"

ಅವನು ನಕ್ಕ. "ಅಪ್ಪ ದುಡಿಯೋಕೆ ಬಂದಿದ್ದು, ಅಕ್ಕಾ. ಈಗಿನವರು ಕೂತು ತಿನ್ನೋಕೆ ಬರ್ತಾರೆ."

"ಹೋದ ವರ್ಷ ನಿನ್ನ ಮನೆಗೆ ಹೆಂಚು ಹೊದಿಸಿದ ಸೆನೆಗಲ್‌ನವರು ಕೂತ್ಕೊಂಡೇ ಹೊದಿಸಿದ್ರೇನೋ?"

ಅವನು ಮುಖ ತಿರುಗಿಸಿ ಯಾರದೋ ಕೈ ಕುಲುಕಲು ಹೋದ.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನಲವತ್ತು ವರ್ಷ ಈ ಊರಿನ ಗೋಡೆ ಕಟ್ಟಿದ ನಿನಗೆ ಇಂಥ ಚುನಾವಣೆಯಲ್ಲಿ ಒಂದು ಓಟೂ ಇರಲಿಲ್ಲ. ಪೌರತ್ವದ ಅರ್ಜಿ ತುಂಬಿಕೊಡು ಎಂದು ನೀನು ನನ್ನನ್ನು ಎರಡು ಸಲ ಕೇಳಿದ್ದೆ. ಎರಡು ಸಲವೂ ನಾನು, "ಮುಂದಿನ ವಾರ ಬರ್ತೀನಪ್ಪಾ" ಅಂದಿದ್ದೆ.