ಹೊಗೆಯಿಲ್ಲದ ಕೋವಿಯ ಹೊಗೆ

ಸ್ಟಾಲ್ಡರ್ ಕಣಿವೆ, ಓಹಾಯೊ
ಜನವರಿ ೬, ಸೋಮವಾರ ಮಧ್ಯಾಹ್ನ

ಸಮಸ್ತ ಅಡುಗೆಮನೆ ಸಾಮ್ರಾಜ್ಯದ ಸಾರ್ವಭೌಮೆಯೂ, ಮೂವತ್ತೊಂದು ಕೋಳಿಗಳಿಗೂ ಒಬ್ಬ ಗಂಡನಿಗೂ ಏಕಮಾತ್ರ ಒಡತಿಯೂ, ಜಿಲ್ಲಾ ಮೇಳದಲ್ಲಿ ಸೇಬಿನ ಪೈಗೆ ಆರು ಸಲ ಮೊದಲ ಬಹುಮಾನದ ನೀಲಿ ಪಟ್ಟಿ ಗೆದ್ದು ಏಳನೆಯ ಸಲ ಗೆಲ್ಲದಿದ್ದಾಗ ತೀರ್ಪುಗಾರನನ್ನೇ ಅಳಿಸಿ ಕಳಿಸಿದವಳೂ, ಗಂಡಭೇರುಂಡ ಅಲ್ಲದಿದ್ದರೂ ಗಂಡನ ಪಾಲಿಗೆ ಭೇರುಂಡವೂ ಆದ ಶ್ರೀಮತಿ ಓರ್ಫಾ ಅಜ್ಜಿಯವರ, ಹೊಸದಾಗಿ ಕೂರಿಸಿದ ಸೊಂಟದ ಕೀಲಿನ ಸನ್ನಿಧಾನಕ್ಕೆ, ಮೊಮ್ಮಗಳು ಜೂನಿ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಎಲ್ಲರೂ ಬದುಕಿದ್ದೇವೆ. ಎಲ್ಲರ ಕೈಕಾಲು, ಕಣ್ಣು, ಮೂಗು ಎಣಿಸಿ ನೋಡಿದ್ದೇನೆ, ಸರಿಯಾಗಿವೆ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುವಾಗ ತಾವು ಕುರ್ಚಿಯಿಂದ ಎದ್ದು, ಆ ಹೊಸ ಕೀಲು ಕಳಚಿಕೊಂಡು, ಅದರ ಪಾಪವೂ ನನ್ನ ತಲೆಗೆ ಬರುವುದು ಬೇಡ.

ತಾವು ಫ್ಲಾರಿಡಾದ ತಂಗಿಯ ಮನೆಯಿಂದ ಫೋನಿನಲ್ಲಿ ಹೊರಡಿಸಿದ ಅಪ್ಪಣೆ ನನಗೆ ಅಕ್ಷರಶಃ ನೆನಪಿದೆ. "ಆ ಮುದುಕ ನಾಲ್ಕು ಸಾವಿರ ಡಾಲರ್ ಸುರಿದು ತಂದಿದಾನಲ್ಲ ಕೋವಿ, ಅದು ಅಷ್ಟಕ್ಕೆ ತಕ್ಕದ್ದಾ ಅಲ್ವಾ, ಜೊತೇಲಿ ಹೋಗಿ ನೋಡಿ ಹೇಳು. ಫೋನಲ್ಲಿ ಬೇಡ. ಫೋನಲ್ಲಿ ನೀನು ನಕ್ಕು ಜಾರ್ಕೋತೀಯ. ಕಾಗದ ಬರಿ." ತಿಂಗಳ ಕೊನೆಯೊಳಗೆ ಕಳಿಸಿದರೆ ಕೋವಿ ಮಾಡಿದವರು ಅದನ್ನು ವಾಪಸು ತೆಗೆದುಕೊಳ್ಳುತ್ತಾರಂತೆ. ತೀರ್ಪು ತಮ್ಮದು, ವಿಚಾರಣೆ ನನ್ನದು. ಒಬ್ಬಳೇ ಸದಸ್ಯೆಯಿರುವ ಈ ಸಮಿತಿ ತಾತನನ್ನೂ ಅವರ ನಲವತ್ತು ವರ್ಷದ ಬೇಟೆಯ ಜೊತೆಗಾರ ಹೋಬರ್ಟ್ ಮಾಮನನ್ನೂ ಕಾಫಿ ಕುಡಿಸಿ ವಿಚಾರಿಸಿತು.

ತಕರಾರು ತಮಗೆ ಗೊತ್ತಿರುವುದೇ. ನಳಿಕೆಯ ಬಾಯಿಂದ ಮದ್ದು ತುಂಬುವ ಕೋವಿಯ ಬೇಟೆಗೆ ಅಂತ ಜನವರಿಯಲ್ಲಿ ಸಿಗುವುದು ನಾಲ್ಕೇ ದಿನ. ಅದಕ್ಕೆ ಹೊಗೆಯಿಲ್ಲದ ಮದ್ದಿನ ಈ ಹೊಸ ಕೋವಿ ಯಾಕೆ, ಕೇಪಿನ ಕಿಡಿಗೆ ಹೊತ್ತುವ ಮುತ್ತಾತನ ಹಳೆಯ ಕೋವಿ, ಕರಿಮದ್ದು ಸಾಲದೇ ಅಂತ ಹೋಬರ್ಟ್ ಮಾಮ.

"ಬಾಯಿಂದ ತುಂಬೋದೊಂದು ಬಿಟ್ರೆ ನಿನ್ನ ಹೊಸದ್ರಲ್ಲಿ ಹಳೇ ಕಾಲದ್ದು ಅನ್ನೋದು ಏನಿದ್ಯೋ ವರ್ಲಿನ್? ಟ್ರ್ಯಾಕ್ಟರಿಗೆ ಬಾಲ ಕಟ್ಟಿ ಕುದುರೆ ಅಂದಂಗಾಯ್ತು."

ತಾತ ಬಿಡುತ್ತಾರೆಯೇ? "ನಿನ್ನ ಹಳೇದ್ರಲ್ಲಿ ಒಂದೀಡು ಹೊಡೆದ್ರೆ ಜಿಂಕೆ ಬಿತ್ತೋ ಓಡ್ತೋ ಅಂತ ತಿಳಿಯೋಕೆ ಗಾಳಿ ಬೀಸೋವರೆಗೂ ಕಾಯ್ಬೇಕು. ಹೊಗೆ ಹೋಗೋ ಹೊತ್ತಿಗೆ ಜಿಂಕೆ ಪಕ್ಕದ ಜಿಲ್ಲೇಲಿ ಊಟ ಮಾಡ್ತಿರುತ್ತೆ."

ಸಮಿತಿಯು ಇನ್ನೂ ಒಂದು ಅಂಶವನ್ನು ಗಮನಿಸಿದೆ. ಕರಿಮದ್ದು ಹೊಡೆದ ಕೋವಿಯನ್ನು ಅದೇ ದಿನ ಬಿಸಿನೀರು, ಸೋಪು ಹಾಕಿ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ. ತೊಳೆದರೆ ಮನೆಯೆಲ್ಲ ಕೊಳೆತ ಮೊಟ್ಟೆ ನಾರುತ್ತದೆ. ತಾತ ಅದನ್ನು ತೊಳೆಯುತ್ತಾ ಬಂದಿರುವುದು ತಾವು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ, ತಾವು ಚರ್ಚಿಗೆ ಹೋದಾಗ. (ಇದು ತಮಗೆ ಗೊತ್ತಿಲ್ಲ ಅಂತ ಅವರು ತಿಳಿದಿದ್ದಾರೆ.) ಹೊಸದಕ್ಕೆ ಎಣ್ಣೆಬಟ್ಟೆ ಎರಡು ಸಲ ಆಡಿಸಿದರೆ ಮುಗಿಯಿತು. ಅಡುಗೆಮನೆಯ ದೃಷ್ಟಿಯಿಂದ ಹೊಸ ಕೋವಿಗೆ ಇದು ದೊಡ್ಡ ಗೆಲುವು.

ಸೋಲೂ ಇದೆ. ಅದು ಮುನ್ನೂರು ಗಜ ದೂರಕ್ಕೆ ಗೆರೆ ಎಳೆದಂತೆ ಹೊಡೆಯುತ್ತದೆ. ನಮ್ಮ ಕಣಿವೆಯಲ್ಲಿ ಎಂಬತ್ತು ಗಜಕ್ಕೆ ಎದುರು ಗುಡ್ಡ ಮೂಗಿಗೆ ತಾಗುತ್ತದೆ. ಉಳಿದ ಇನ್ನೂರಿಪ್ಪತ್ತು ಗಜಕ್ಕೆ ಕೊಟ್ಟ ಹಣ ಗುಡ್ಡದ ಪಾಲು. ಇದನ್ನು ಹೇಳಿದ್ದಕ್ಕೆ ತಾತ ಕಾಫಿ ಕಲಕಿದರು. ಆಮೇಲೆ, ಹೋಬರ್ಟ್ ಮಾಮ ಹೊರಗೆ ಹೋದಾಗ, ಮೆಲ್ಲಗೆ ಹೇಳಿದರು: "ದೂರಕ್ಕಲ್ಲ ಕಣೇ. ಹಳೇದಕ್ಕೆ ದುರ್ಬೀನು ಕೂರಲ್ಲ. ಬರೀ ಕಣ್ಣಲ್ಲಿ ಗುರಿ ಹಿಡಿಯೋಕೆ ನನಗೀಗ ಆಗಲ್ಲ. ನಿಮ್ಮಜ್ಜಿಗೆ ಹೇಳ್ಬೇಡ."

ಹೇಳಿದ್ದೇನೆ. ಸಮಿತಿ ಏನನ್ನೂ ಮುಚ್ಚಿಡುವುದಿಲ್ಲ.

ಇನ್ನು ಶನಿವಾರದ ವಿಷಯ.

ಎರಡು ಮದ್ದಿನ ಮನೆ ಎರಡು ಹೆಂಡಿರ ಮನೆಗಿಂತ ಅಪಾಯ ಅಂತ ತಾತನೇ ಹೇಳುತ್ತಿದ್ದರು. ಕರಿಮದ್ದನ್ನು ಹೊಸ ಕೋವಿಗೆ ಹಾಕಿದರೆ ಬರೀ ಹೊಗೆ, ಕೊಳೆ. ಹೊಗೆಯಿಲ್ಲದ ಮದ್ದನ್ನು ಹಳೆಯ ಕೋವಿಗೆ ಹಾಕಿದರೆ ನಳಿಕೆ ಬಾಳೆಹಣ್ಣಿನ ಸಿಪ್ಪೆಯಂತೆ ಬಿರಿದು, ಹೊಡೆದವನ ಕೈ, ಮುಖ ಎರಡೂ ಹೋಗುತ್ತವೆ. ಆದ್ದರಿಂದ ತಾತ ಒಂದೊಂದು ಈಡಿನ ಮದ್ದನ್ನೂ ಅಳೆದು ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗಳಿಗೆ ತುಂಬಿ, ಹೊಸ ಮದ್ದಿನದಕ್ಕೆ ಕೆಂಪು ಟೇಪು, ಕರಿಮದ್ದಿನದಕ್ಕೆ ನೀಲಿ ಟೇಪು ಸುತ್ತಿ, ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದರು. ಹಳೆಯ ಕೋವಿ ಈ ವರ್ಷ ಗೋಡೆಯ ಮೇಲೇ ಇರುವುದು ಅಂತ ತೀರ್ಮಾನವಾಗಿತ್ತು.

ಬೆಳಗಿನ ಐದಕ್ಕೆ ನಾನು ಅಂಗಳದಲ್ಲಿ ಗಾಡಿಯ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತಿದ್ದೆ. ಒಳಗೆ ನಡೆದದ್ದು ನನಗೆ ಗೊತ್ತಿಲ್ಲ. ಹೋಬರ್ಟ್ ಮಾಮನ ಸ್ವಂತ ಕೋವಿಯಲ್ಲಿ ಕೇಪಿಗೆ ಬಡಿಯುವ ಕುದುರೆ ಹಿಂದಿನ ದಿನವೇ ಮುರಿದಿತ್ತಂತೆ. ನಾಚಿಕೆ ಬಿಟ್ಟು ಹಳೆಯದನ್ನು ಕೇಳಿದರಂತೆ. ತಾತ ಗೋಡೆಯಿಂದ ಇಳಿಸಿ, ನೀಲಿ ಟೇಪಿನ ಮೂರು ಕೊಳವೆಗಳನ್ನು ಅವರ ಅಂಗೈಗೆ ಎಣಿಸಿ ಕೊಟ್ಟರಂತೆ. ಹೋಬರ್ಟ್ ಮಾಮ ಕೋವಿಚೀಲ ಹೆಗಲಿಗೆ ಹಾಕಿಕೊಂಡು ಬಂದಾಗ ಅದರಲ್ಲಿ ಅವರದ್ದೇ ಕೋವಿ ಇದೆ ಅಂತ ನಾನು ತಿಳಿದೆ.

ಅವರು ಹಳೆಯ ಹುಲ್ಲುಕೊಟ್ಟಿಗೆಯ ಕೆಳಗೆ ಕೂತರು. ನಾನು, ತಾತ ಮೇಲೆ, ಕಾಲು ಮೈಲಿ ಆಚೆ, ಓಕ್ ಮರದ ಬುಡದಲ್ಲಿ. ಎಂಟೂವರೆ ಹೊತ್ತಿಗೆ ಕೊಬ್ಬಿದ ಹೆಣ್ಣು ಜಿಂಕೆಯೊಂದು ಬಂತು. ತಾತ ಉಸಿರು ಹಿಡಿದು ಹೊಡೆದರು.

ಢಮ್ ಎಂದಿತು. ಎದುರಿಗೆ ಬಿಳಿಯ ಮೋಡ! ನಾಲ್ಕು ಸಾವಿರ ಡಾಲರಿನ ಹೊಗೆಯಿಲ್ಲದ ಕೋವಿಯಿಂದ, ರೈಲು ಹೊರಟಂತೆ, ಕೊಳೆತ ಮೊಟ್ಟೆಯ ವಾಸನೆಯ ಹೊಗೆ. ನಾನು ನಗಲು ಬಾಯಿ ತೆರೆದೆ.

ತಾತ ನಗಲಿಲ್ಲ. ಖಾಲಿ ಕೊಳವೆಯ ಕೆಂಪು ಟೇಪನ್ನು ನೋಡಿದರು. ಮೂಸಿದರು. "ಇದು ಕರಿಮದ್ದು," ಅಂದರು. ಆಮೇಲೆ ನನ್ನ ತೋಳು ಹಿಡಿದರು. "ಹಂಗಾದ್ರೆ ನೀಲೀದ್ರಲ್ಲಿ? ಜೂನಿ, ಹೋಬರ್ಟನ ಹತ್ರ ಇರೋದು ನಮ್ಮ ಹಳೇ ಕೋವಿ. ನೀಲಿ ಕೊಳವೆ ಕೊಟ್ಟಿದೀನಿ."

ಕಣಿವೆಯಲ್ಲಿ ಫೋನು ಸಿಗುವುದಿಲ್ಲ. ಕೂಗಿ ಉಪಯೋಗವಿಲ್ಲ, ಹೋಬರ್ಟ್ ಮಾಮ ಬೇಟೆಗೆ ಕೂತರೆ ಈಡಿನ ಸದ್ದಿಗೆ ಹಾಳಾಗದಿರಲಿ ಅಂತ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ನಾನು ಓಡಿದೆ. ಅಜ್ಜಿ, ಆ ಓಟದ ಬಗ್ಗೆ ನನಗೆ ತಮಾಷೆಯಾಗಿ ಬರೆಯಲು ಬರುತ್ತಿಲ್ಲ. ಎರಡು ಸಲ ಬಿದ್ದೆ. ಪ್ರತಿ ಹೆಜ್ಜೆಗೂ ಈಗ ಕೇಳುತ್ತದೆ, ಈಗ ಕೇಳುತ್ತದೆ ಅಂದುಕೊಂಡೆ. ಹಿಂದೆ ಎಪ್ಪತ್ತಾರು ವರ್ಷದ ತಾತ ಏದುಸಿರು ಬಿಡುತ್ತಾ, ಕೇಳದವನನ್ನು ಹೆಸರು ಹಿಡಿದು ಕೂಗುತ್ತಾ ಬರುತ್ತಿದ್ದರು.

ಕೊಟ್ಟಿಗೆಯ ಮೂಲೆ ತಿರುಗಿದರೆ ಹೋಬರ್ಟ್ ಮಾಮ ಮಂಡಿಯೂರಿ ಕೂತು, ಹಲ್ಲು ಕಚ್ಚಿ ಬೈಯುತ್ತಿದ್ದಾರೆ. ಕೋವಿ ತೊಡೆಯ ಮೇಲಿದೆ. ಒಂದು ಕೇಪು ಆಗಲೇ ಟಿಕ್ ಅಂದು ಸುಮ್ಮನಾಗಿತ್ತು. ಹಳೆಯ ಕೇಪಿನ ಕಿಡಿಗೆ ಆ ಮದ್ದು ಹತ್ತಿಕೊಂಡಿರಲಿಲ್ಲ. ಎರಡನೆಯ ಕೇಪು ಚಳಿಗೆ ಮರಗಟ್ಟಿದ ಬೆರಳುಗಳ ನಡುವೆ ಜಾರುತ್ತಾ ಕೂರಲೊಲ್ಲದು. ನಾನು ಹಾರಿ ಆ ಕೇಪನ್ನು ಕಿತ್ತುಕೊಂಡು ಹಿಮಕ್ಕೆ ಎಸೆದೆ.

"ಲೇ ಪಿಶಾಚಿ! ಕೊಂಬಿಗೆ ಹತ್ತು ಕವಲಿನ ಗಂಡು ಜಿಂಕೆ ಕಣೇ! ಅಲ್ಲೇ, ಆ ಬೇಲಿ ಹತ್ರ, ನನ್ನೇ ನೋಡ್ತಾ ನಿಂತಿತ್ತು! ನಿನಗೇನು ಬಂತೇ ರೋಗ?"

ಅಷ್ಟರಲ್ಲಿ ತಾತ ಬಂದರು. ಎರಡೂ ಕೈಯಲ್ಲಿ ಹೋಬರ್ಟ್ ಮಾಮನ ಮುಖ ಹಿಡಿದು, ಕಣ್ಣು, ಕೆನ್ನೆ, ಗಡ್ಡ ತಡವಿ ನೋಡಿದರು. ಇವರಿಬ್ಬರೂ ನಲವತ್ತು ವರ್ಷದಲ್ಲಿ ಕೈ ಕುಲುಕಿದ್ದು ಬಿಟ್ಟರೆ ಒಬ್ಬರನ್ನೊಬ್ಬರು ಮುಟ್ಟಿದ್ದು ನಾನು ನೋಡಿಲ್ಲ.

"ಏನೋ ಇದು, ವರ್ಲಿನ್? ಮುದ್ದು ಮಾಡ್ತಿದೀಯಲ್ಲೋ ಹಾಳಾದವನೇ!" ಅಂತ ಕಿವಿಯ ಯಂತ್ರ ಹುಡುಕುತ್ತಾ ಅವರು ಗದರಿದರು.

ನಳಿಕೆಯಿಂದ ಗುಂಡು ತೆಗೆದು ಮದ್ದನ್ನು ಕರವಸ್ತ್ರದ ಮೇಲೆ ಸುರಿದೆವು. ಸಣ್ಣ ಬೂದು ಕಾಳು, ಹೊಸ ಕೋವಿಯ ಮದ್ದೇ. ಮೂವರೂ ನೋಡಿದೆವು. ಹೋಬರ್ಟ್ ಮಾಮ ತಮ್ಮ ಹತ್ತು ಬೆರಳನ್ನೂ ಒಂದು ಸಲ ಮಡಚಿ ಬಿಡಿಸಿ, ಆಮೇಲೆ ಆ ಹತ್ತು ಕವಲಿನ ಜಿಂಕೆಯ ಸುದ್ದಿ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ತಾತ ಕತ್ತರಿ ತಂದು ಅಂಗಿಯ ಹಿಂದುಗಡೆಯ ತುದಿ ಹೊರಗೆಳೆದು ನಿಂತರು. ಗುರಿ ತಪ್ಪಿದವನ ಅಂಗಿತುದಿ ಕತ್ತರಿಸಿ, ಹೆಸರು, ತಾರೀಖು ಬರೆದು ಗೋಡೆಗೆ ಹೊಡೆಯುವುದು ನಮ್ಮಲ್ಲಿ ನಡೆದು ಬಂದದ್ದೇ. "ಕತ್ತರಿಸೋ. ಜಿಂಕೆ ತಪ್ಪಿತು, ನೀನೂ ತಪ್ಪಿಹೋಗ್ತಿದ್ದೆ."

ಹೋಬರ್ಟ್ ಮಾಮ ಕತ್ತರಿ ಮೇಜಿನ ಮೇಲಿಟ್ಟರು. "ನನ್ನ ಮುಖ ಉಳಿದಿದೆ, ನಿನ್ನ ಅಂಗೀನೂ ಉಳೀಲಿ ಬಿಡು. ಓರ್ಫಾ ಹೊಲಿದಿದ್ದು." ಹೀಗಂದು ಹೊರಟುಹೋದರು.

ಅದಾದ ಮೇಲೆ ತಾತ ಎರಡೂ ಕೋವಿಗಳನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಕಟ್ಟಿಟ್ಟಿದ್ದಾರೆ. ಶರತ್ಕಾಲದಲ್ಲಿ ಕಣ್ಣಿನ ಡಾಕ್ಟರು ಪೊರೆ ಬರುತ್ತಿದೆ ಅಂದಿದ್ದರಲ್ಲ, ಅದನ್ನೇ ಹಿಡಿದುಕೊಂಡಿದ್ದಾರೆ. "ಕೆಂಪು ಯಾವುದು, ನೀಲಿ ಯಾವುದು ಅಂತ ತಿಳೀದೆ ಸುತ್ತಿದೀನಿ. ಮದ್ದನ್ನೇ ಗುರುತು ಹಿಡಿಯದವನು ಎದುರಿಗೆ ಬರೋ ಲಾರಿನ ಗುರುತು ಹಿಡೀತೀನಾ?" ಅಂತ ಗಾಡಿಯ ಕೀಲಿಕೈಯನ್ನೂ ನನ್ನ ಕೈಗಿಟ್ಟರು. ನಿನ್ನೆ ಚರ್ಚಿಗೆ ನಾನೇ ಓಡಿಸಿಕೊಂಡು ಹೋದೆ. ಅವರು ಪಕ್ಕದಲ್ಲಿ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ನಾಳೆ ಬೇಟೆಯ ಕೊನೆಯ ದಿನ. ಹೋಬರ್ಟ್ ಮಾಮ ಎರಡು ಸಲ ಫೋನು ಮಾಡಿದರು. "ನಿನ್ನ ಹತ್ರ ಕೂರೋಕೆ ನನಗೆ ಯೋಗ್ಯತೆ ಇಲ್ಲಪ್ಪ" ಅಂತ ತಾತ ಇಟ್ಟುಬಿಟ್ಟರು.

ಸಮಿತಿಯ ಅಭಿಪ್ರಾಯ ಇಂತಿದೆ. ಕೋವಿ ಒಳ್ಳೆಯದು. ಬೆಲೆ ಹೆಚ್ಚು. ಆದರೆ ದುರ್ಬೀನಿನಿಂದ ತಾತನಿಗೆ ಇನ್ನೊಂದೆರಡು ವರ್ಷ ಕಾಡು ಕಾಣುವುದಾದರೆ, ತಮ್ಮ ತೊಟ್ಟಿಯೂ ನಾರದಿರುವುದಾದರೆ, ಹಣಕ್ಕೆ ಮೋಸವಿಲ್ಲ. ವಾಪಸು ಕಳಿಸಬಾರದು. ಕರಿಮದ್ದನ್ನೂ ಹಳೆಯ ಕೋವಿಯನ್ನೂ ಹೋಬರ್ಟ್ ಮಾಮನ ಮನೆಗೆ ಸಾಗಿಸಿ, ಒಂದು ಮನೆಗೆ ಒಂದೇ ಮದ್ದು ಅಂತ ಕಾನೂನು ಮಾಡತಕ್ಕದ್ದು. ಟೇಪು ಅದಲುಬದಲಾದದ್ದು ಹೇಗೆ ಎಂಬುದು ಸಮಿತಿಗೆ ತಿಳಿದುಬಂದಿಲ್ಲ.

ತಮ್ಮ ಪಾದಧೂಳಿಯೂ, ಕೋಳಿಗಳ ತಾತ್ಕಾಲಿಕ ಪಾಳೆಯಗಾರ್ತಿಯೂ ಆದ
ಜೂನಿ ಸ್ಟಾಲ್ಡರ್

ತಾ.ಕ.: ಲಕೋಟೆ ಅಂಟಿಸಿಯಾಗಿತ್ತು. ಹರಿದೆ.

ಅಜ್ಜಿ, ನಾನೇ. ಶುಕ್ರವಾರ ಸಂಜೆ ಎಲ್ಲ ಕೊಳವೆಗಳ ಟೇಪು ಬಿಚ್ಚಿ ಅದಲುಬದಲು ಸುತ್ತಿ, ಡಬ್ಬಿಯನ್ನೂ ಬದಲಿಸಿ ಇಟ್ಟೆ. ಹೊಸ ಕೋವಿ ಬುಸ್ಸಂತ ಹೊಗೆ ಬಿಡಬೇಕು, ತಾತ ಪೆಚ್ಚಾಗಬೇಕು, ಹೋಬರ್ಟ್ ಮಾಮ ಬಿದ್ದು ಬಿದ್ದು ನಗಬೇಕು, ಅಷ್ಟೇ. ಹಳೆಯದು ಗೋಡೆ ಬಿಟ್ಟು ಇಳಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದು ನೆವ ಅಲ್ಲ, ಅದೂ ಗೊತ್ತು. ಎರಡು ದಿನದಿಂದ ಹೇಳಬೇಕು ಅಂತ ಬಾಯಿ ತೆರೆದು, ಊಟ ಮಾಡಿ ಮುಚ್ಚಿದೆ. ನಿನಗೆ ಬರೆಯಹೋದರೆ ಕೈ ಈ ದೊಡ್ಡ ದೊಡ್ಡ ಮಾತನ್ನೆಲ್ಲ ಬರೆಯಿತು, ಆ ಒಂದು ಸಾಲು ಮಾತ್ರ ಬರೆಯಲಿಲ್ಲ.

ಈಗ ಕೆಳಗೆ ಹೋಗಿ ತಾತನಿಗೆ ಹೇಳಿ ಬಂದೆ. ಅವರು ಅರ್ಧ ಸಿಪ್ಪೆ ಸುಲಿದ ಆಲೂಗಡ್ಡೆ ಕೈಯಲ್ಲೇ ಹಿಡಿದು ಕೇಳಿದರು. ಆಮೇಲೆ, "ಅಂದ್ರೆ ನಾನು ಸುತ್ತಿದ್ದು ಸರಿಯಾಗೇ ಇತ್ತಾ?" ಅಂದರು.

ಸರಿಯಾಗೇ ಇತ್ತು ತಾತ ಅಂದೆ.

"ಕೆಂಪು ಕೆಂಪೇ?"

ಕೆಂಪು ಕೆಂಪೇ.

ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಅಂತ ನಾನೂ ಅಳೋಕೆ ಶುರುಮಾಡಿದೆ, ನೋಡಿದರೆ ನಗುತ್ತಿದ್ದಾರೆ. ಗಾಡಿಯ ಕೀಲಿಕೈಗೆ ಕೈ ಚಾಚಿದರು. ಕೊಟ್ಟೆ. "ಮೊದಲು ಹೋಬರ್ಟನ ಮನೆಗೆ ಹೋಗ್ತೀವಿ, ಅವನ ಎದುರಿಗೆ ನೀನೇ ಹೇಳ್ಬೇಕು. ಅದಕ್ಕೂ ಮುಂಚೆ ನಿನ್ನ ಚರ್ಮ ಸುಲೀತೀನಿ. ಆದ್ರೆ ಹತ್ತು ನಿಮಿಷ ಬಿಟ್ಟು. ಈಗ ಸ್ವಲ್ಪ ಸುಮ್ನೆ ಕೂತಿರ್ತೀನಿ, ತೊಂದರೆ ಕೊಡಬೇಡ," ಅಂದರು.

ಹತ್ತು ನಿಮಿಷ ಆಯಿತು. ಕರೆಯುತ್ತಿದ್ದಾರೆ.