ಅಮ್ಮನ ಫೋನಿನಿಂದ ಬಂದ ಒಪ್ಪಿಗೆ

ಪುಟ್ಟೀ,

ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಂಡು ತಿನ್ನು. ಗ್ಯಾಸ್ ಆಫ್ ಮಾಡೋದು ಮರೀಬೇಡ.

ನಿನ್ನೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸ್ತಿದ್ದಾಗ ನನ್ನ ಫೋನಿಗೆ ಮೆಸೇಜ್ ಬಂತು: ‘ನಿಮ್ಮ ಮಗು ಈ ಆ್ಯಪ್ ಬಳಸಲು ತಾಯಿ ಒಪ್ಪಿಗೆ ನೀಡಿದ್ದಾರೆ.’ ನಿನ್ನಮ್ಮ ತೀರಿಕೊಂಡಿದ್ದು ಗೊತ್ತಿದ್ದೂ ಒಂದು ಗಳಿಗೆ ನಂಬಿಬಿಟ್ಟೆ, ಎಲ್ಲೋ ಕೂತು ಅವಳೇ ಒತ್ತಿದ್ದಾಳೆ ಅಂತ. ಕತ್ತರಿ ಎತ್ತಲೋ ಹೋಗಿ ಗಿರಾಕಿಯ ಪ್ಯಾಂಟು ಚಡ್ಡಿಯಾಯ್ತು.

ಬೀರುವಿನಿಂದ ಅವಳ ಫೋನ್ ತೆಗೆದು ಒತ್ತಿದ್ದು ನೀನೇ, ಗೊತ್ತು. ನಿನ್ನ ವಯಸ್ಸಿಗೆ ದೊಡ್ಡವರ ಒಪ್ಪಿಗೆ ಬೇಕು ಅಂತ ಸುಮ್ಮನೆ ಇಟ್ಟಿಲ್ಲ ಕಣೇ. ನಮ್ಮ ಮನೆ ಎಲ್ಲಿದೆ, ನೀನು ಏನು ನೋಡ್ತೀಯ, ಯಾರ ಹತ್ತಿರ ಏನು ಹೇಳ್ಕೋತೀಯ, ಎಲ್ಲ ಯಾರ್ಯಾರ ಕೈಗೋ ಸೇರುತ್ತೆ. ಅಮ್ಮ ಇದ್ದಿದ್ದರೆ ಇಷ್ಟು ಸುಲಭಕ್ಕೆ ಹೂಂ ಅಂತಿದ್ದಳಾ? ನಿನ್ನ ತಲೆ ತಿಂದುಬಿಡ್ತಿದ್ದಳು.

ಸಂಜೆ ಆ ಆ್ಯಪಿನಲ್ಲಿ ಒಪ್ಪಿಗೆ ಕೇಳೋ ಕಡೆ ಅವಳ ನಂಬರ್ ತೆಗೆದು ನನ್ನದು ಹಾಕೋಣ. ಇನ್ನು ಮೇಲೆ ನನ್ನನ್ನೇ ಕೇಳು. ನಾನು ಬೇಡ ಅಂತೀನಿ. ಜಗಳ ಆಡು, ಬಾಗಿಲು ಬಡಿ, ಪರವಾಗಿಲ್ಲ.

ಅವಳ ಫೋನ್ ಚಾರ್ಜಿಗೆ ಹಾಕಿದ್ದೀನಿ, ತೆಗೀಬೇಡ.

ಆ ಮೆಸೇಜ್ ಅಳಿಸೋಕೆ ನನಗೆ ಮನಸ್ಸು ಬರಲಿಲ್ಲ.

ಅಪ್ಪ