ಪೂರ್ವಕ್ಕೆ ನಿಂತ ಗ್ರೀಕ್ ಕುದುರೆ

ಹಿಂಜವಾಡಿ, ಪುಣೆ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ರಘುರಾಮಣ್ಣಾ,

ಬೆನ್ನುನೋವು ಹೇಗಿದೆ? ಹಡಗಿನಲ್ಲಿ ಫೋನ್ ಸಿಗುವುದಿಲ್ಲ, ಅದಕ್ಕೇ ಈ ಮೇಲ್. ಅಲ್ಲಿ ನೀನು ಮಾಡುವ ಸಾಂಬಾರು ಈಗಲಾದರೂ ಪಾತ್ರೆಯೊಳಗೇ ನಿಲ್ಲಲು ಕಲಿತಿದೆಯೇ? ಅತ್ತಿಗೆ, ಯಶ್ಮಿತಾ ಇಬ್ಬರೂ ಕ್ಷೇಮ. ನಿನ್ನ ಮಗಳು ನಿನ್ನ ಹಾಗೆಯೇ ನೀರುದೋಸೆ ಹೊಯ್ಯುತ್ತಾಳೆ, ನಿನ್ನ ಹಾಗೆಯೇ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವುದಿಲ್ಲ. ಎರಡನೆಯದೇ ನನಗೆ ಚಿಂತೆ.

ಗ್ರೀಸಿನ ಬಂದರಿನಿಂದ ನೀನೊಂದು ಫೋಟೋ ಕಳಿಸಿದ್ದೆಯಲ್ಲ, ಕುದುರೆಯೇರಿ ಕೈ ಚಾಚಿದ ಕೊಲೊಕೊಟ್ರೋನಿಸ್? ಸ್ವಾತಂತ್ರ್ಯಕ್ಕಾಗಿ ಹೋರಾಡಿದವನನ್ನು ಕೊನೆಗೆ ಅವನ ಜನರೇ ಜೈಲಿಗೆ ಹಾಕಿದರು ಎಂದು ಕೆಳಗೆ ಬರೆದಿದ್ದೆ. ಓದಿದಾಗ ನನಗೆ ನೆನಪಾದದ್ದು ಗ್ರೀಸ್ ಅಲ್ಲ, ನಮ್ಮ ಅತ್ತೆಯ ಮಗ ಬಾಳಕೃಷ್ಣ. ಹದಿನೆಂಟು ವರ್ಷ ನೀವಿಬ್ಬರೂ ಸೇರಿ ನಡೆಸಿದ ಹೋಟೆಲನ್ನು ವಾಸ್ತುದೋಷವೆಂದು ಎಂಟು ದಿನ ಮುಚ್ಚಿದ. ಬಾಗಿಲನ್ನು ಪೂರ್ವಕ್ಕೆ ಮಾಡಿಸಿ ತೆರೆದಾಗ ಒಳಗೆ ಹೊಸ ಅಡುಗೆಭಟ್ಟ, ಹೊರಗೆ ನೀನು. "ನಿನ್ನ ನಕ್ಷತ್ರ ಈ ಅಡುಗೆಮನೆಗೆ ಆಗೂದಿಲ್ಲ ಮಾರಾಯ" ಎಂದಿದ್ದ. ನೀನು ತಲೆಯಾಡಿಸಿ ಹಡಗು ಹತ್ತಿದೆ. ನಾನು ಕಾದೆ.

ನಮ್ಮ ಸೊಸೈಟಿಗೆ ಬಿಲ್ಡರ್ ಗ್ರೀಕ್ ಹೆಸರಿಟ್ಟಿದ್ದಾನೆ. ಅದಕ್ಕೊಪ್ಪುವ ಪ್ರತಿಮೆ ಬೇಕೆಂದಾಗ ಕಾರ್ಯದರ್ಶಿಯಾದ ನಾನು ನಿನ್ನ ಫೋಟೋ ಮುಂದಿಟ್ಟೆ. ಗಣಪತಿ ಮಾಡುವವರು ಫೈಬರಿನಲ್ಲಿ ಮಾಡಿಕೊಟ್ಟರು. ವೀರನಿಗೆ ಸ್ವಲ್ಪ ಹೊಟ್ಟೆ ಬಂದಿದೆ. ಮುಖ ಗೇಟಿನತ್ತ ಇರಲಿ ಎಂದರು ಎಲ್ಲರೂ. ವಾಸ್ತು ಬಲ್ಲವರನ್ನು ಕೇಳೋಣ ಎಂದು ನಾನು ಗೇಟಿನೆದುರಿನ ಅದೇ ಹೋಟೆಲಿನಿಂದ ಬಾಳಕೃಷ್ಣನನ್ನೇ ವಿನಯದಿಂದ ಕರೆಸಿದೆ. ಮುಕ್ಕಾಲು ಗಂಟೆ ಉಪದೇಶಿಸಿ, ಪೂರ್ವವೇ ಶ್ರೇಷ್ಠವೆಂದು ಠರಾವಿಗೆ ಸಹಿಯನ್ನೂ ಹಾಕಿದ. ನಮ್ಮ ಗೇಟು ಪಶ್ಚಿಮಕ್ಕಿದೆ, ಅದರಾಚೆ ತನ್ನ ಹೋಟೆಲಿದೆ ಎಂಬುದು ಅವನಿಗೆ ಹೊಳೆದದ್ದು ಕುದುರೆ ನಿಂತ ಮೇಲೆ.

ಈಗ ಅವನ ಗಲ್ಲಾಕ್ಕೆ ನೇರ ಎದುರು, ಹನ್ನೊಂದು ಅಡಿ ಕುದುರೆಯ ಹಿಂಭಾಗ. ದೋಸೆಗೆ ಕಾಯುವವರು "ಶೇಠ್, ವ್ಯೂ ಛಾನ್ ಆಹೆ" ಎಂದು ನೋಟವನ್ನು ಹೊಗಳಿ ಫೋಟೋ ತೆಗೆಯುತ್ತಾರೆ. ಊರಿನ ಬಾಲಕೃಷ್ಣ ಪುಣೆಗೆ ಬಂದು ಬಾಳಕೃಷ್ಣನಾಗಿದ್ದ. ಬಾಲವನ್ನು ವಾಪಸು ಕೊಟ್ಟಿದ್ದೇನೆ. ಬಾಗಿಲು ತಿರುಗಿಸೋಣವೆಂದರೆ ಅವನದೇ ವಾಸ್ತು, ಕುದುರೆ ತಿರುಗಿಸೋಣವೆಂದರೆ ಅವನದೇ ಸಹಿ.

ಎಣ್ಣೆ ಕಾದಿರುವಾಗ ಅಲೆಯ ಮೇಲೊಂದು ಕಣ್ಣಿಡು. ದೇವರು ನಿನ್ನನ್ನು ಒಳ್ಳೆಯವನಾಗಿಯೇ ಇಡಲಿ, ನನ್ನನ್ನು ಸದ್ಯಕ್ಕೆ ಹೀಗೇ ಬಿಡಲಿ.

ನಿನ್ನ ತಂಗಿ,
ಲೀಲಾಕ್ಷಿ

ಮರೆತಿದ್ದೆ: ಇವತ್ತು ಬೆಳಿಗ್ಗೆ ಅವನು ಮನೆಗೇ ಬಂದಿದ್ದ. "ಕುದುರೆ ಒಮ್ಮೆ ತಿರುಗಿಸು ಮಾರಾಯ್ತಿ, ರಘುರಾಮನನ್ನು ನಾನೇ ಕರಿತೇನೆ, ಪಾಲು ಸಹ ಬರ್ದುಕೊಡ್ತೇನೆ" ಎಂದ. ಅತ್ತಿಗೆಗೆ ಹೇಳಿಲ್ಲ, ಹೇಳಿದರೆ ಈಗಲೇ ಕ್ರೇನ್ ತರಿಸುತ್ತಾಳೆ. ನೀನು ಹೂಂ ಎಂದರೆ ಮರುದಿನವೇ ತಿರುಗಿಸುತ್ತೇನೆ. ಆದರೆ ಅಣ್ಣಾ, ಈ ಭಾನುವಾರ ಅವನ ಹೋಟೆಲಿನ ಮುಂದೆ ಗಿರಾಕಿಗಳ ಸಾಲು ಫೋಟೋ ತೆಗೆದು ಕರಗುವ ತನಕ ಉತ್ತರ ಬರೆಯಬೇಡ.